ಆರೈಕೆಯ ಸ್ತರಗಳು ಮತ್ತು ರೋಗಿಯ ಸ್ಥಳಾಂತರ

ಆಸ್ಪತ್ರೆಗೆ ದಾಖಲಾದ ರೋಗಿಯ ಅಂದಂದಿನ ಸ್ಥಿತಿಗೆ ಎಷ್ಟು ನಿಗಾ, ಎಷ್ಟು ಶುಶ್ರೂಷೆ, ಯಾವ ಬಗೆಯ ಉಪಕರಣ ಮತ್ತು ತಜ್ಞತೆ ಬೇಕೋ ಅವನ್ನು ಒದಗಿಸಬಲ್ಲ ತಾಣಕ್ಕೆ ರೋಗಿಯನ್ನು ಸಾಗಿಸುವ ವ್ಯವಸ್ಥೆಯನ್ನು ಆರೈಕೆಯ ಸ್ತರಾಂತರ ಎನ್ನಬಹುದು. ಈ ಸಾಗಣೆ ಎರಡು ದಿಕ್ಕಿನದು. ಚಿಕ್ಕ ಆಸ್ಪತ್ರೆಯಿಂದ ದೊಡ್ಡದಕ್ಕೆ, ಸಾಮಾನ್ಯ ವಾರ್ಡಿನಿಂದ ತೀವ್ರ ನಿಗಾ ಘಟಕಕ್ಕೆ ಹೋಗುವುದು ಮೇಲ್ಮುಖವಾದರೆ, ಘಟಕದಿಂದ ವಾರ್ಡಿಗೆ, ವಾರ್ಡಿನಿಂದ ಪುನಶ್ಚೇತನ ಕೇಂದ್ರಕ್ಕೆ, ಉಪಶಾಮಕ ಆರೈಕೆಗೆ ಅಥವಾ ಮನೆಗೆ ಬರುವುದು ಕೆಳಮುಖವಾದದ್ದು. ಮೊದಲನೆಯದು ಜೀವ ಉಳಿಸುವ ಕೆಲಸವೆಂದು ಎಲ್ಲರ ಗಮನ ಸೆಳೆಯುತ್ತದೆ; ಎರಡನೆಯದನ್ನು ಹಾಸಿಗೆ ಖಾಲಿ ಮಾಡಿಸುವ ಕಚೇರಿ ಕೆಲಸವೆಂದು ಕಾಣುವ ರೂಢಿ ಬಹಳ ಕಡೆ ಇದೆ. ಕೆಳಮುಖ ಸ್ಥಳಾಂತರವೂ ಚಿಕಿತ್ಸೆಯ ಒಂದು ಭಾಗವೇ ಆಗಿದ್ದು, ಅದರ ಫಲ ಕಳಿಸುವ ಆಸ್ಪತ್ರೆಗಿಂತ ಹೆಚ್ಚಾಗಿ ಬರಮಾಡಿಕೊಳ್ಳುವ ತಾಣದ ಸಿದ್ಧತೆಯನ್ನು ಅವಲಂಬಿಸಿರುತ್ತದೆ ಎಂಬುದು ಕಳೆದ ಏಳು ದಶಕಗಳ ಅನುಭವದಿಂದ ಸ್ಪಷ್ಟವಾಗಿದೆ.

ಸ್ತರಗಳನ್ನು ಹೇಗೆ ಗುರುತಿಸಬೇಕೆಂಬುದಕ್ಕೆ ಬ್ರಿಟನ್ನಿನ ಆರೋಗ್ಯ ಇಲಾಖೆ 2000ದಲ್ಲಿ ಮುಂದಿಟ್ಟ ವರ್ಗೀಕರಣ ಇಂದಿಗೂ ಹೆಚ್ಚು ಬಳಕೆಯಲ್ಲಿದೆ. ಸಾಮಾನ್ಯ ವಾರ್ಡಿನ ಆರೈಕೆ ಸಾಕಾಗುವ ರೋಗಿ ಸೊನ್ನೆಯ ಸ್ತರದಲ್ಲಿಯೂ, ಸ್ಥಿತಿ ಹದಗೆಡುವ ಸಂಭವವಿರುವ ಅಥವಾ ಆಗಷ್ಟೇ ಮೇಲಿನ ಸ್ತರದಿಂದ ಇಳಿದು ಬಂದ ರೋಗಿ ಒಂದನೆಯ ಸ್ತರದಲ್ಲಿಯೂ, ಒಂದು ಅಂಗವ್ಯವಸ್ಥೆ ವಿಫಲವಾಗಿ ಸೂಕ್ಷ್ಮ ನಿಗಾ ಬೇಕಾದ ರೋಗಿ ಎರಡನೆಯದರಲ್ಲಿಯೂ, ಉಸಿರಾಟಕ್ಕೆ ವೆಂಟಿಲೇಟರಿನ ನೆರವು ಬೇಕಾದ ಅಥವಾ ಹಲವು ಅಂಗಗಳು ಒಟ್ಟಿಗೆ ಸೋತ ರೋಗಿ ಮೂರನೆಯದರಲ್ಲಿಯೂ ಬರುತ್ತಾರೆ. ಇಲ್ಲಿ ಸ್ತರ ಎಂಬುದು ರೋಗಿಯ ಅಗತ್ಯವನ್ನು ಸೂಚಿಸುತ್ತದೆಯೇ ಹೊರತು ಕೋಣೆಯನ್ನಲ್ಲ. ವಾರ್ಡಿನ ಮೂಲೆಯ ಮಂಚದಲ್ಲಿರುವವರಿಗೂ ಎರಡನೆಯ ಸ್ತರದ ಅಗತ್ಯವಿರಬಹುದು, ತೀವ್ರ ನಿಗಾ ಘಟಕದಲ್ಲಿ ಮಲಗಿರುವವರಿಗೆ ಅಲ್ಲಿನ ಯಾವುದರ ಅಗತ್ಯವೂ ಉಳಿದಿರದೆ ಇರಬಹುದು.

ಅಗತ್ಯಕ್ಕೆ ತಕ್ಕಂತೆ ರೋಗಿಗಳನ್ನು ಬೇರ್ಪಡಿಸಿ ಇಡುವ ವಿಚಾರ ಹೊಸದಲ್ಲ. ಸಣ್ಣ ಊರುಗಳ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಯಾದವರು ಚೇತರಿಸಿಕೊಳ್ಳುವ ತನಕ ಇರಲು ಶಸ್ತ್ರಾಗಾರದ ಪಕ್ಕದಲ್ಲಿಯೇ ಒಂದು ಚಿಕ್ಕ ಕೋಣೆ ಇರುವುದನ್ನು ಫ್ಲಾರೆನ್ಸ್ ನೈಟಿಂಗೇಲ್ 1863ರಲ್ಲಿಯೇ ದಾಖಲಿಸಿದ್ದಾರೆ. 1923ರಲ್ಲಿ ವಾಲ್ಟರ್ ಡ್ಯಾಂಡಿ ಬಾಲ್ಟಿಮೋರಿನ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆಗೆ ಒಳಗಾದವರಿಗಾಗಿ ಮೂರು ಹಾಸಿಗೆಗಳ ಘಟಕವೊಂದನ್ನು ತೆರೆದರು. ಆದರೆ ತೀವ್ರ ನಿಗಾ ಘಟಕ ಈಗಿನ ರೂಪ ಪಡೆದದ್ದು ಕೋಪನ್‌ಹೇಗನ್ನಿನಲ್ಲಿ. 1952ರಲ್ಲಿ ಅಲ್ಲಿ ಪೋಲಿಯೋ ಹಬ್ಬಿ ಬ್ಲೆಗ್‌ಡಮ್ ಆಸ್ಪತ್ರೆ ತುಂಬಿದಾಗ, ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ರೋಗಿಗಳ ಶ್ವಾಸನಾಳಕ್ಕೆ ರಂಧ್ರ ಮಾಡಿ ನಳಿಕೆ ತೂರಿಸಿ, ಚೀಲವೊಂದನ್ನು ಕೈಯಿಂದ ಒತ್ತಿ ಗಾಳಿ ತುಂಬುವ ವಿಧಾನವನ್ನು ಜಾರಿಗೆ ತಂದರು. ಸುಮಾರು 1,500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ತಿಂಗಳುಗಟ್ಟಲೆ ಆ ಚೀಲಗಳನ್ನು ಒತ್ತಿದರು. ಇಂಥ ರೋಗಿಗಳನ್ನೆಲ್ಲ ಒಂದೆಡೆ ಸೇರಿಸಿ ನಿರಂತರವಾಗಿ ನೋಡಿಕೊಂಡರೆ ಬದುಕುವವರ ಸಂಖ್ಯೆ ಹೆಚ್ಚುತ್ತದೆಂಬ ಅರಿವಿನಿಂದಲೇ 1953ರ ಕೊನೆಯಲ್ಲಿ ಅದೇ ನಗರದಲ್ಲಿ ಇಬ್ಸೆನ್ ಅವರ ಘಟಕ ಪ್ರಾರಂಭವಾಯಿತು.

ಅತ್ಯಂತ ಅಸ್ವಸ್ಥರನ್ನು ಒಂದೆಡೆ ಸೇರಿಸಿದ ಮೇಲೆ ಉಳಿದವರನ್ನೂ ಹಾಗೆಯೇ ವಿಂಗಡಿಸಬಹುದಲ್ಲವೇ ಎಂಬ ಪ್ರಶ್ನೆ ಸಹಜವಾಗಿ ಹುಟ್ಟಿತು. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಮ್ಯಾಂಚೆಸ್ಟರ್ ಮೆಮೋರಿಯಲ್ ಆಸ್ಪತ್ರೆ 1957ರಲ್ಲಿ ಕೈಗೊಂಡ ಪ್ರಯೋಗ ಇದಕ್ಕೆ ಉತ್ತರವಾಗಿತ್ತು. ರೋಗಿಗಳನ್ನು ಅವರ ಕಾಯಿಲೆಯ ಹೆಸರಿನಿಂದ ವಿಂಗಡಿಸದೆ, ತೀವ್ರ ಆರೈಕೆ, ಮಧ್ಯಮ ಆರೈಕೆ, ಸ್ವಂತ ಆರೈಕೆ, ದೀರ್ಘಾವಧಿ ಆರೈಕೆ ಮತ್ತು ಮನೆಯ ಆರೈಕೆ ಎಂಬ ವಿಭಾಗಗಳನ್ನು ಕಲ್ಪಿಸಿ, ಗುಣವಾಗುತ್ತ ಹೋದಂತೆ ಒಂದರಿಂದ ಇನ್ನೊಂದಕ್ಕೆ ದಾಟಿಸುವ ಈ ಪದ್ಧತಿಗೆ ಕ್ರಮಾನುಗತ ಆರೈಕೆ ಎಂಬ ಹೆಸರು ಬಂತು. ಈ ಯೋಜನೆಯ ತೀವ್ರ ಆರೈಕೆಯ ಭಾಗವನ್ನು ಜಗತ್ತಿನ ಆಸ್ಪತ್ರೆಗಳೆಲ್ಲ ಬೇಗನೆ ಒಪ್ಪಿಕೊಂಡವು. ಉಳಿದವು, ಅದರಲ್ಲೂ ದೀರ್ಘಾವಧಿ ಮತ್ತು ಮನೆಯ ಆರೈಕೆಯ ಭಾಗಗಳು ಹಿಂದೆ ಬಿದ್ದವು. ಇಂದಿನ ಬಿಕ್ಕಟ್ಟುಗಳಲ್ಲಿ ಬಹುಪಾಲು ಆ ಅಸಮ ಬೆಳವಣಿಗೆಯಿಂದ ಬಂದವು.

ಯಾರನ್ನು ಯಾವಾಗ ಮೇಲಕ್ಕೆ ಒಯ್ಯಬೇಕೆಂಬ ನಿರ್ಧಾರ ಬಹುಕಾಲ ಹಿರಿಯ ವೈದ್ಯರ ಅನುಭವಕ್ಕೆ ಬಿಟ್ಟದ್ದಾಗಿತ್ತು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ಪ್ರಕಟಿಸಿ 2017ರಲ್ಲಿ ಪರಿಷ್ಕರಿಸಿದ ಮುನ್ನೆಚ್ಚರಿಕೆ ಅಂಕಪದ್ಧತಿ ಅದಕ್ಕೊಂದು ಸಾಮಾನ್ಯ ಭಾಷೆಯನ್ನು ಕೊಟ್ಟಿತು. ಉಸಿರಾಟದ ಗತಿ, ರಕ್ತದಲ್ಲಿನ ಆಮ್ಲಜನಕದ ಪ್ರಮಾಣ, ರಕ್ತದೊತ್ತಡ, ನಾಡಿಬಡಿತ, ಪ್ರಜ್ಞೆಯ ಮಟ್ಟ, ದೇಹದ ಉಷ್ಣತೆ ಎಂಬ ಆರು ಅಂಶಗಳಿಗೆ ತಲಾ 0ಯಿಂದ 3ರವರೆಗೆ ಅಂಕ ಕೊಟ್ಟು, ಹೊರಗಿನಿಂದ ಆಮ್ಲಜನಕ ಪಡೆಯುತ್ತಿದ್ದರೆ ಇನ್ನೂ 2 ಅಂಕ ಸೇರಿಸಿ ಕೂಡುವುದು ಇದರ ಕ್ರಮ. ಮೊತ್ತ 5ನ್ನು ಮುಟ್ಟಿದರೆ ವೈದ್ಯರು ತುರ್ತಾಗಿ ಬಂದು ನೋಡಬೇಕು, 7 ಅಥವಾ ಅದಕ್ಕೆ ಮೇಲ್ಪಟ್ಟರೆ ತೀವ್ರ ನಿಗಾ ತಂಡವನ್ನು ಕರೆಸಬೇಕು. ಇದರ ಹಿರಿಮೆ ಇರುವುದು ಗಣಿತದಲ್ಲಿ ಅಲ್ಲ. ರಾತ್ರಿ ಪಾಳಿಯ ಕಿರಿಯ ನರ್ಸ್ ಒಬ್ಬರು ‘ಯಾಕೋ ಪೇಷೆಂಟ್ ಸರಿ ಕಾಣುತ್ತಿಲ್ಲ’ ಎಂದು ಅಳುಕುತ್ತ ಹೇಳುವ ಮಾತಿಗೆ ಅಂಕೆಯ ಬಲ ಬರುತ್ತದೆ, ಮತ್ತು ಡ್ಯೂಟಿ ಡಾಕ್ಟರ್ ಅದನ್ನು ತಳ್ಳಿಹಾಕುವುದು ಕಷ್ಟವಾಗುತ್ತದೆ.

ಕೆಳಕ್ಕೆ ಇಳಿಸುವ ನಿರ್ಧಾರಕ್ಕೆ ಇಂಥ ಸರಳ ಅಂಕಪದ್ಧತಿ ಇಲ್ಲ. ಭಾರತ ಸರ್ಕಾರದ ಆರೋಗ್ಯ ಸೇವೆಗಳ ಮಹಾ ನಿರ್ದೇಶನಾಲಯ 24 ತಜ್ಞರ ಸಮಿತಿಯ ಮೂಲಕ ರೂಪಿಸಿದ, 2024ರ ಆರಂಭದಲ್ಲಿ ಬೆಳಕಿಗೆ ಬಂದ ಮಾರ್ಗಸೂಚಿ, ದೇಹದ ಪ್ರಮುಖ ಕ್ರಿಯೆಗಳು ಸಹಜ ಸ್ಥಿತಿಗೆ ಅಥವಾ ರೋಗಿಯ ಮೊದಲಿನ ಸ್ಥಿತಿಗೆ ಮರಳುವುದು ಮತ್ತು ಘಟಕಕ್ಕೆ ಸೇರಿಸಲು ಕಾರಣವಾಗಿದ್ದ ತೊಂದರೆ ತಕ್ಕಷ್ಟು ಶಮನವಾಗುವುದು ಬಿಡುಗಡೆಯ ಮುಖ್ಯ ಲಕ್ಷಣಗಳೆಂದು ಹೇಳುತ್ತದೆ. ರೋಗಿ ಅಥವಾ ಹತ್ತಿರದ ಬಂಧುಗಳು ಒಪ್ಪದಿದ್ದರೆ ತೀವ್ರ ನಿಗಾ ಘಟಕಕ್ಕೆ ಸೇರಿಸಬಾರದೆಂದೂ, ಉಪಶಾಮಕ ಆರೈಕೆಗೆ ಒಪ್ಪಿದವರನ್ನು ಘಟಕದಿಂದ ಬಿಡುಗಡೆ ಮಾಡಬಹುದೆಂದೂ ಅದರಲ್ಲಿದೆ. ತೀವ್ರ ನಿಗಾ ಘಟಕದ ಹಾಸಿಗೆಗೆ ದಿನದ ಲೆಕ್ಕದಲ್ಲಿ ಹಣ ತೆರಬೇಕಾದ ದೇಶದಲ್ಲಿ ಈ ಮಾರ್ಗಸೂಚಿಗೆ ಕಾನೂನಿನ ಬಲವಿಲ್ಲದಿರುವುದು ಒಂದು ದೊಡ್ಡ ಕೊರತೆ.

ಘಟಕದಿಂದ ವಾರ್ಡಿಗೆ ಒಯ್ಯುವ ಆ ಒಂದು ಗಂಟೆಯನ್ನು ಹತ್ತಿರದಿಂದ ನೋಡಿದರೆ ಈ ಕೆಲಸ ಎಷ್ಟು ಸೂಕ್ಷ್ಮವಾದದ್ದೆಂದು ತಿಳಿಯುತ್ತದೆ. ಘಟಕದಲ್ಲಿ ಒಬ್ಬ ನರ್ಸ್ ಒಬ್ಬರನ್ನೋ ಇಬ್ಬರನ್ನೋ ನೋಡಿಕೊಳ್ಳುತ್ತಿದ್ದಲ್ಲಿಂದ, ಒಬ್ಬರೇ ಇಪ್ಪತ್ತು ಮೂವತ್ತು ಮಂದಿಯನ್ನು ನೋಡಿಕೊಳ್ಳುವ ಕಡೆಗೆ ರೋಗಿ ದಾಟುತ್ತಾರೆ. ಗಂಟೆಗೊಮ್ಮೆ ಬರೆಯುತ್ತಿದ್ದ ನಾಡಿ, ರಕ್ತದೊತ್ತಡದ ಚಾರ್ಟು ಪಾಳಿಗೊಮ್ಮೆಗೆ ಇಳಿಯುತ್ತದೆ. ರಕ್ತದೊತ್ತಡದ ಹಳೆಯ ಮಾತ್ರೆಯನ್ನು ಘಟಕದಲ್ಲಿ ನಿಲ್ಲಿಸಿದ್ದು ಮತ್ತೆ ಶುರುವಾಗಬೇಕೇ ಎಂಬುದು ಯಾರಿಗೂ ನೆನಪಾಗದೆ ಹೋಗಬಹುದು. ಒತ್ತಡದ ಹುಣ್ಣು ತಡೆಯಲೆಂದು ಕೊಡುತ್ತಿದ್ದ ಹೊಟ್ಟೆಯ ಮಾತ್ರೆ ಬೇಡವಾದ ಮೇಲೂ ಡಿಸ್ಚಾರ್ಜ್ ಚೀಟಿಯವರೆಗೆ ಹಾಗೆಯೇ ಮುಂದುವರಿಯಬಹುದು. ಕುತ್ತಿಗೆಯ ರಕ್ತನಾಳಕ್ಕೆ ಹಾಕಿದ ನಳಿಕೆಯನ್ನು ಯಾವತ್ತು ಹಾಕಿದರೆಂಬುದು ದಾಖಲಾಗದೆ ಸೋಂಕಿಗೆ ದಾರಿಯಾಗಬಹುದು. ಆದುದರಿಂದಲೇ ರೋಗಿಯ ಸದ್ಯದ ಸ್ಥಿತಿ, ಹಿನ್ನೆಲೆ, ತಮ್ಮ ಅಂದಾಜು, ಮುಂದೆ ಮಾಡಬೇಕಾದದ್ದು ಎಂಬ ನಾಲ್ಕನ್ನು ಒಂದೇ ಅನುಕ್ರಮದಲ್ಲಿ ಹೇಳಿ ಒಪ್ಪಿಸುವ ಪದ್ಧತಿಯನ್ನು ಅನೇಕ ಆಸ್ಪತ್ರೆಗಳು ಕಡ್ಡಾಯ ಮಾಡಿವೆ. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ ಬಳಕೆಯಲ್ಲಿದ್ದ ಈ ರೂಢಿಯನ್ನು ವೈದ್ಯಕೀಯಕ್ಕೆ ತಂದದ್ದು ಕ್ಯಾಲಿಫೋರ್ನಿಯದ ಕೈಸರ್ ಪರ್ಮನೆಂಟೆ ಸಂಸ್ಥೆ. ಸ್ಥಳಾಂತರದ ಹೊತ್ತೂ ಮುಖ್ಯವೇ. ರಾತ್ರಿ ವೇಳೆ ಘಟಕದಿಂದ ವಾರ್ಡಿಗೆ ಕಳಿಸಲ್ಪಟ್ಟವರಲ್ಲಿ ಸಾವಿನ ಪ್ರಮಾಣ ಹೆಚ್ಚೆಂದು ಬ್ರಿಟನ್ನಿನ ಅಧ್ಯಯನವೊಂದು 2000ದಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತೋರಿಸಿತು. ಹಾಗೆ ಕಳಿಸಿದ್ದಕ್ಕೆ ಅನೇಕ ವೇಳೆ ಕಾರಣ ರೋಗಿ ಸಿದ್ಧರಾಗಿದ್ದುದಲ್ಲ, ಇನ್ನೊಬ್ಬರಿಗೆ ಹಾಸಿಗೆ ತುರ್ತಾಗಿ ಬೇಕಾಗಿದ್ದುದು. ಈ ಎರಡು ಸ್ತರಗಳ ನಡುವಿನ ಅಂತರವನ್ನು ತುಂಬಲು ಹೈ ಡಿಪೆಂಡೆನ್ಸಿ ಅಥವಾ ಸ್ಟೆಪ್ ಡೌನ್ ಎಂದು ಕರೆಯುವ ಮಧ್ಯಂತರ ಘಟಕಗಳು ಬಂದಿವೆ.

ಭಾರತದಲ್ಲಿ ಮೇಲ್ಮುಖ ಸಾಗಣೆಯ ನಕ್ಷೆಯನ್ನು ಬರೆದದ್ದು 1946ರ ಭೋರ್ ಸಮಿತಿ. ಪ್ರಾಥಮಿಕ, ಮಾಧ್ಯಮಿಕ, ಜಿಲ್ಲಾ ಎಂಬ ಮೂರು ಮೆಟ್ಟಿಲುಗಳ ಆ ಕಲ್ಪನೆಯೇ ಇಂದಿನ ಉಪಕೇಂದ್ರ, ಪ್ರಾಥಮಿಕ ಆರೋಗ್ಯ ಕೇಂದ್ರ, ಸಮುದಾಯ ಆರೋಗ್ಯ ಕೇಂದ್ರ, ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳ ಸರಪಳಿಯಾಗಿ ಬೆಳೆದಿದೆ. ಬಯಲು ಸೀಮೆಯಲ್ಲಿ 5,000 ಜನರಿಗೊಂದು ಉಪಕೇಂದ್ರ, 30,000 ಜನರಿಗೊಂದು ಪ್ರಾಥಮಿಕ ಕೇಂದ್ರ, 1,20,000 ಜನರಿಗೊಂದು ಸಮುದಾಯ ಕೇಂದ್ರ ಎಂಬುದು ನಿಗದಿತ ಮಾನದಂಡ. ಕಾಗದದ ಮೇಲೆ ಮೆಟ್ಟಿಲುಗಳು ಸರಿಯಾಗಿದ್ದರೂ, ಕೆಳಗಿನ ಮೆಟ್ಟಿಲಿನಲ್ಲಿ ತಜ್ಞರಿಲ್ಲದೆ ಜನ ನೇರವಾಗಿ ದೊಡ್ಡಾಸ್ಪತ್ರೆಗೇ ಹೋಗುವುದು, ಅಥವಾ ಯಾವ ಆಸ್ಪತ್ರೆಯಲ್ಲಿ ಹಾಸಿಗೆ ಇದೆಯೆಂದು ವಿಚಾರಿಸದೆಯೇ ‘ಹೈಯರ್ ಸೆಂಟರಿಗೆ ರೆಫರ್’ ಎಂದು ಬರೆದು ಕಳಿಸಿಬಿಡುವುದು ಇಂದಿಗೂ ನಡೆದೇ ಇದೆ.

ಈ ಅಲೆದಾಟದ ಕ್ರೌರ್ಯ ನ್ಯಾಯಾಲಯದ ಕಣ್ಣಿಗೆ ಬಿದ್ದದ್ದು 1996ರ ಪಶ್ಚಿಮ ಬಂಗ ಖೇತ್ ಮಜ್ದೂರ್ ಸಮಿತಿ ಪ್ರಕರಣದಲ್ಲಿ. ರೈಲಿನಿಂದ ಬಿದ್ದು ತಲೆಗೆ ಪೆಟ್ಟಾದ ಕೃಷಿ ಕಾರ್ಮಿಕರೊಬ್ಬರನ್ನು ಒಂದಾದ ಮೇಲೊಂದರಂತೆ ಸರ್ಕಾರಿ ಆಸ್ಪತ್ರೆಗಳು ಹಾಸಿಗೆಯಿಲ್ಲ, ಸೌಲಭ್ಯವಿಲ್ಲ ಎಂದು ಹಿಂದಕ್ಕೆ ಕಳಿಸಿದ್ದವು. ತುರ್ತು ಚಿಕಿತ್ಸೆ ನಿರಾಕರಿಸುವುದು ಸಂವಿಧಾನದ 21ನೆಯ ವಿಧಿಯ ಉಲ್ಲಂಘನೆ ಎಂದ ಸುಪ್ರೀಂ ಕೋರ್ಟ್, ಕೆಳಸ್ತರದಲ್ಲಿಯೇ ರೋಗಿಯನ್ನು ಸ್ಥಿರಗೊಳಿಸುವ ಸೌಲಭ್ಯವಿರಬೇಕೆಂದೂ, ಎಲ್ಲಿ ಹಾಸಿಗೆಯಿದೆಯೋ ಅಲ್ಲಿಗೇ ಕಳಿಸಲು ಸಾಧ್ಯವಾಗುವಂತೆ ರಾಜ್ಯಮಟ್ಟದ ಸಂಪರ್ಕ ವ್ಯವಸ್ಥೆ ಇರಬೇಕೆಂದೂ ಹೇಳಿತು. ಅಮೆರಿಕದಲ್ಲಿ ಇದೇ ಆಶಯದ ಕಾಯ್ದೆ 1986ರಲ್ಲಿ ಬಂದಿತ್ತು; ಸ್ಥಿರಗೊಳಿಸದೆ ಬೇರೆಡೆಗೆ ಸಾಗಿಸುವುದನ್ನು ಅದು ಬಿಗಿಯಾಗಿ ನಿರ್ಬಂಧಿಸುತ್ತದೆ.

ಸ್ಥಿರಗೊಳಿಸುವುದೆಂದರೇನು ಎಂಬುದನ್ನು ಒಂದು ಸಣ್ಣ ಲೆಕ್ಕ ತೋರಿಸುತ್ತದೆ. ಆಂಬುಲೆನ್ಸುಗಳಲ್ಲಿ ಸಾಮಾನ್ಯವಾಗಿ ಕಾಣುವ ಬಿ ಮಾದರಿಯ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್ ಆಮ್ಲಜನಕ ಇರುತ್ತದೆ. ನಿಮಿಷಕ್ಕೆ 10 ಲೀಟರಿನಂತೆ ಬೇಕಾದ ರೋಗಿಗೆ ಅದು 150 ನಿಮಿಷ, ಅಂದರೆ ಎರಡೂವರೆ ಗಂಟೆ ಬಂದೀತು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್ ದಾರಿ. ಮಳೆಗಾಲದ ಘಾಟಿ ರಸ್ತೆಯಲ್ಲಿ ಅದಕ್ಕೆ ಮೂರು ಗಂಟೆ ಹಿಡಿದರೆ ಒಂದು ಸಿಲಿಂಡರ್ ಸಾಲುವುದಿಲ್ಲ. ಹೊರಡುವ ಮುಂಚೆ ಈ ಲೆಕ್ಕ ಹಾಕುವುದು, ಎರಡನೆಯ ಸಿಲಿಂಡರಿನ ಮೀಟರ್ ನೋಡುವುದು, ಉಸಿರಾಟದ ನಳಿಕೆ ದಾರಿಯಲ್ಲಿ ಹಾಕಬೇಕಾಗುವ ಸಂಭವವಿದ್ದರೆ ಮೊದಲೇ ಹಾಕಿಬಿಡುವುದು, ತಲುಪುವ ಆಸ್ಪತ್ರೆಯ ವೈದ್ಯರೊಡನೆ ಫೋನಿನಲ್ಲಿ ಮಾತಾಡಿರುವುದು, ಇವೆಲ್ಲ ಸೇರಿದರಷ್ಟೇ ಅದು ಸ್ಥಳಾಂತರ. ಇವಿಲ್ಲದೆ ಕಳಿಸುವುದು ಹೊಣೆ ಜಾರಿಸುವುದಷ್ಟೇ.

ಕರ್ನಾಟಕದಲ್ಲಿ 2008ರ ನವೆಂಬರಿನಲ್ಲಿ ಆರಂಭವಾದ ಆರೋಗ್ಯ ಕವಚ 108 ಆಂಬುಲೆನ್ಸ್ ಸೇವೆ ಮೇಲ್ಮುಖ ಸಾಗಣೆಗೆ ಗಾಲಿ ಒದಗಿಸಿತು. 2018ರ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ, ತುರ್ತು ಸಂದರ್ಭಗಳನ್ನು ಬಿಟ್ಟು, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನೇ ಖಾಸಗಿ ಆಸ್ಪತ್ರೆಯ ಉನ್ನತ ಚಿಕಿತ್ಸೆಗೆ ಹೋಗುವ ದಾರಿಯನ್ನಾಗಿ ಮಾಡಿತು. 2023ರಲ್ಲಿ ಬಂದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇನ್ನೂ ಒಂದು ಹೆಜ್ಜೆ ಮುಂದಿನದು: ಎದೆನೋವೆಂದು ತಾಲ್ಲೂಕು ಆಸ್ಪತ್ರೆಗೆ ಬಂದವರ ಇಸಿಜಿಯನ್ನು ಜಯದೇವ ಹೃದ್ರೋಗ ಸಂಸ್ಥೆಯಂಥ ಕೇಂದ್ರದ ತಜ್ಞರು ದೂರದಿಂದಲೇ ಓದಿ, ಹೃದಯಾಘಾತವೆಂದು ಖಚಿತವಾದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡಿಸುತ್ತಾರೆ, ಆನಂತರ ರೋಗಿಯನ್ನು ಕೇಂದ್ರಕ್ಕೆ ಸಾಗಿಸಲಾಗುತ್ತದೆ. ರೋಗಿ ತಜ್ಞರ ಬಳಿಗೆ ಹೋಗುವ ಮೊದಲೇ ತಜ್ಞರ ತೀರ್ಮಾನ ರೋಗಿಯ ಬಳಿಗೆ ಬರುವುದರಿಂದ, ಅಮೂಲ್ಯವಾದ ಮೊದಲ ಗಂಟೆಗಳು ಹೆದ್ದಾರಿಯ ಮೇಲೆ ಕಳೆದುಹೋಗುವುದು ತಪ್ಪುತ್ತದೆ.

ಸ್ತರಗಳ ವಿಂಗಡಣೆಯನ್ನು ಇಡೀ ದೇಶ ಒಮ್ಮೆಲೇ ಕಲಿತದ್ದು ಕೋವಿಡ್ ಕಾಲದಲ್ಲಿ. 2020ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರ ಲಘು ಲಕ್ಷಣದವರಿಗೆ ಕೋವಿಡ್ ಕೇರ್ ಸೆಂಟರ್, ಮಧ್ಯಮದವರಿಗೆ ಆರೋಗ್ಯ ಕೇಂದ್ರ, ತೀವ್ರ ಲಕ್ಷಣದವರಿಗೆ ಆಸ್ಪತ್ರೆ ಎಂಬ ಮೂರು ಸ್ತರಗಳನ್ನು ಗೊತ್ತುಮಾಡಿತು. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರಿನಲ್ಲಿ 94ಕ್ಕಿಂತ ಕೆಳಗಿನ ಅಂಕೆ ಕಂಡರೆ ಎಚ್ಚರಗೊಳ್ಳಬೇಕು, 90ಕ್ಕಿಂತ ಕೆಳಗಾದರೆ ತೀವ್ರವೆಂದು ತಿಳಿಯಬೇಕು ಎಂಬುದು ಮನೆಮನೆಗೂ ತಲುಪಿತು. ಆದರೂ 2021ರ ಎರಡನೆಯ ಅಲೆಯಲ್ಲಿ ವ್ಯವಸ್ಥೆ ಕುಸಿದುದಕ್ಕೆ ಆಮ್ಲಜನಕದ ಕೊರತೆಯೊಂದೇ ಕಾರಣವಲ್ಲ. ಚೇತರಿಸಿಕೊಂಡವರನ್ನು ಇಳಿಸಿಕೊಳ್ಳಲು ಸಾಕಷ್ಟು ಮಧ್ಯಂತರ ಹಾಸಿಗೆಗಳಿಲ್ಲದೆ ಮೇಲಿನ ಸ್ತರ ತೆರವಾಗದೆ ಉಳಿದುದೂ ಅದರಲ್ಲಿ ಸೇರಿತ್ತು.

ಚಿಕಿತ್ಸೆ ಮುಗಿದರೂ ಹೋಗಲು ಜಾಗವಿಲ್ಲದೆ ಆಸ್ಪತ್ರೆಯಲ್ಲಿಯೇ ಉಳಿಯುವ ಸ್ಥಿತಿಗೆ ವಿಳಂಬಿತ ಬಿಡುಗಡೆ ಎನ್ನುತ್ತಾರೆ. ಹೀಗೆ ಉಳಿಯುವವರಲ್ಲಿ ಹೆಚ್ಚಿನವರು ವೃದ್ಧರು. ಮಲಗಿಯೇ ಕಳೆವ ಪ್ರತಿ ವಾರ ಅವರ ಸ್ನಾಯುಗಳ ಬಲ ಕುಂದಿಸುತ್ತದೆ, ಬೆನ್ನಿನಲ್ಲಿ ಹುಣ್ಣಾಗುತ್ತದೆ, ಆಸ್ಪತ್ರೆಯ ಸೋಂಕು ತಗಲುತ್ತದೆ, ಹಗಲು ರಾತ್ರಿಗಳ ಅಂತರ ಕಳೆದುಹೋಗಿ ಮತಿಭ್ರಮೆ ಬರುತ್ತದೆ. ನಡೆದುಕೊಂಡು ಬಂದವರು ನಡೆಯಲಾರದೆ ಹೋಗುವುದೂ ಉಂಟು. ಇಂಥವರನ್ನು ಹಾಸಿಗೆ ಅಡ್ಡಗಟ್ಟಿದವರೆಂದು ಹೀಗಳೆಯುವ ಆಡುಮಾತು ಇಂಗ್ಲೆಂಡಿನಲ್ಲಿ ಬಹುಕಾಲ ಇತ್ತು. ಅದು ಅನ್ಯಾಯದ ಮಾತು, ಏಕೆಂದರೆ ಅವರಲ್ಲಿ ಯಾರೂ ಅಲ್ಲಿರಲು ಬಯಸಿದವರಲ್ಲ.

ಪರಿಹಾರವಾಗಿ ಅನೇಕ ದೇಶಗಳು ಹಣದ ಹೊಣೆಯನ್ನು ವರ್ಗಾಯಿಸಿ ನೋಡಿವೆ. ಸ್ವೀಡನ್ 1992ರ ಸುಧಾರಣೆಯಲ್ಲಿ ವೃದ್ಧರ ಆರೈಕೆಯನ್ನು ಪುರಸಭೆಗಳಿಗೆ ವಹಿಸಿ, ಚಿಕಿತ್ಸೆ ಮುಗಿದ ರೋಗಿ ಆಸ್ಪತ್ರೆಯಲ್ಲಿ ಉಳಿದರೆ ಅದರ ವೆಚ್ಚವನ್ನು ಪುರಸಭೆಯೇ ಭರಿಸಬೇಕೆಂದಿತು. ಇಂಗ್ಲೆಂಡ್ 2003ರ ಕಾಯ್ದೆಯಿಂದಲೂ ನಾರ್ವೆ 2012ರಿಂದಲೂ ಅದೇ ಜಾಡು ಹಿಡಿದವು. ಸ್ವೀಡನ್ನಿನಲ್ಲಿ ಪುರಸಭೆಗಳ ಕೈಯಲ್ಲಿ ಆರೈಕೆ ಗೃಹಗಳೂ ತೆರಿಗೆ ಹಣವೂ ಇದ್ದುದರಿಂದ ವಿಳಂಬ ಬೇಗ ಇಳಿಯಿತು. ಇಂಗ್ಲೆಂಡ್ 2022ರಲ್ಲಿ ಆ ದಂಡದ ಪದ್ಧತಿಯನ್ನು ಕೈಬಿಟ್ಟಿತು. ಅಷ್ಟರಲ್ಲಿ ಅಲ್ಲಿ, ಮುಂದೆ ಬೇಕಾಗುವ ಆರೈಕೆಯನ್ನು ಆಸ್ಪತ್ರೆಯಲ್ಲಿ ಅಳೆಯುತ್ತ ಕೂರದೆ, ಮೊದಲು ಮನೆಗೆ ಕಳಿಸಿ ಅಲ್ಲಿಯೇ ಅಳೆಯುವ ಕ್ರಮ ಬೇರೂರಿತ್ತು. ಅಡುಗೆಮನೆಯ ಹೊಸ್ತಿಲು ದಾಟಬಲ್ಲರೇ ಎಂಬುದನ್ನು ವಾರ್ಡಿನ ನುಣುಪು ನೆಲದ ಮೇಲೆ ಪರೀಕ್ಷಿಸಲಾಗದು ಎಂಬುದೇ ಅದರ ತರ್ಕ.

ಹೊರೆಯನ್ನು ಸಂಸ್ಥೆಗಳ ಮೇಲಲ್ಲದೆ ರೋಗಿಯ ಮೇಲೆಯೇ ಹಾಕಿದ ಉದಾಹರಣೆ ಕೆನಡದ ಆಂಟೇರಿಯೊ ಪ್ರಾಂತ್ಯದ್ದು. 2022ರಲ್ಲಿ ಅಲ್ಲಿ ಜಾರಿಗೆ ಬಂದ ಕಾಯ್ದೆಯ ಪ್ರಕಾರ, ಆಸ್ಪತ್ರೆಯ ಚಿಕಿತ್ಸೆ ಬೇಕಿಲ್ಲವೆಂದು ವೈದ್ಯರು ನಿರ್ಧರಿಸಿದ ರೋಗಿಯನ್ನು, ಸ್ವತಃ ಆರಿಸಿಕೊಳ್ಳದ ದೀರ್ಘಾವಧಿ ಆರೈಕೆ ಗೃಹಕ್ಕೂ ಸೇರಿಸಬಹುದು. ಆ ಗೃಹ ದಕ್ಷಿಣ ಭಾಗದಲ್ಲಿ 70 ಕಿಲೋಮೀಟರ್, ಉತ್ತರ ಭಾಗದಲ್ಲಿ 150 ಕಿಲೋಮೀಟರ್ ದೂರದವರೆಗೂ ಇರಬಹುದು. ಹೋಗಲೊಪ್ಪದಿದ್ದರೆ ದಿನಕ್ಕೆ 400 ಡಾಲರ್ ಶುಲ್ಕ. ಬಲವಂತದಿಂದ ಯಾರನ್ನೂ ಎತ್ತಿ ಸಾಗಿಸುವುದಿಲ್ಲವೆಂದು ಸರ್ಕಾರ ಹೇಳಿದರೂ, ದಿನವೂ ಊಟದ ಹೊತ್ತಿಗೆ ಬಂದು ಕೂರುತ್ತಿದ್ದ ವೃದ್ಧ ಪತ್ನಿಗೆ 70 ಕಿಲೋಮೀಟರ್ ಎಂದರೆ ಅಗಲಿಕೆಯೇ. ಈ ಕಾಯ್ದೆಯನ್ನು ನಾಗರಿಕ ಸಂಘಟನೆಗಳು ನ್ಯಾಯಾಲಯದಲ್ಲಿ ಪ್ರಶ್ನಿಸಿದವು. ಸೂಕ್ತ ಸ್ತರವೆಂಬುದನ್ನು ಬರೀ ವೈದ್ಯಕೀಯ ಅಗತ್ಯದಿಂದ ಅಳೆಯಬೇಕೇ, ಬಂಧುಗಳ ಸಾಮೀಪ್ಯ, ಭಾಷೆ, ಆಹಾರಗಳಿಗೂ ಅದರಲ್ಲಿ ಪಾಲಿದೆಯೇ ಎಂಬ ಪ್ರಶ್ನೆಯನ್ನು ಇದು ಎತ್ತಿತು. ಪಾಲಿದೆ ಎಂದೇ ಹೇಳಬೇಕಾಗುತ್ತದೆ.

ಭಾರತದ ಆಸ್ಪತ್ರೆಗಳಲ್ಲಿ ವಿಳಂಬಿತ ಬಿಡುಗಡೆ ಅಷ್ಟಾಗಿ ಕಾಣದಿರಲು ಕಾರಣ ವ್ಯವಸ್ಥೆಯ ದಕ್ಷತೆಯಲ್ಲ. ಇಲ್ಲಿ ಆಸ್ಪತ್ರೆಯ ಕೆಳಗಿನ ಸ್ತರ ಎಂದರೆ ಮನೆ, ಅಲ್ಲಿನ ಶುಶ್ರೂಷಕರು ಎಂದರೆ ಸಾಮಾನ್ಯವಾಗಿ ಹೆಂಡತಿ, ಸೊಸೆ ಅಥವಾ ಮಗಳು. ಪಾರ್ಶ್ವವಾಯುವಾದವರು ಮೂಗಿನ ನಳಿಕೆ ಮತ್ತು ಮೂತ್ರದ ಕ್ಯಾಥೆಟರ್ ಸಹಿತ ಮನೆಗೆ ಬಂದಾಗ, ತಲೆದಿಂಬು ಎತ್ತರಿಸಿ ಕೂರಿಸಿಯೇ ಗಂಜಿ ಹಾಕಬೇಕು, ಹಾಕಿದ ಮೇಲೂ ಸ್ವಲ್ಪ ಹೊತ್ತು ಮಲಗಿಸಬಾರದು, ಮೂತ್ರದ ಚೀಲ ಸೊಂಟದ ಮಟ್ಟಕ್ಕಿಂತ ಕೆಳಗೇ ಇರಬೇಕು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಎಂಬುದನ್ನೆಲ್ಲ ಆ ಹೆಣ್ಣುಮಗಳು ಡಿಸ್ಚಾರ್ಜ್ ದಿನದ ಬಿಲ್ಲಿನ ಗಡಿಬಿಡಿಯಲ್ಲಿ, ವಾರ್ಡಿನ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿರುತ್ತಾಳೆ. ಕೈಯಲ್ಲಿರುವ ಸಾರಾಂಶಪತ್ರ ಇಂಗ್ಲಿಷಿನಲ್ಲಿರುತ್ತದೆ. ಹದಿನೈದು ದಿನಗಳಲ್ಲಿ ಶ್ವಾಸಕೋಶದ ಸೋಂಕಿನಿಂದ ರೋಗಿ ಮರಳಿ ಬಂದರೆ ಅದನ್ನು ಮನೆಯವರ ಅಜಾಗ್ರತೆಯೆಂದು ಬರೆಯುವುದು ಸುಲಭ.

ಈ ಕಲಿಕೆಯನ್ನು ಬಾಗಿಲಿನಿಂದ ವಾರ್ಡಿನ ಒಳಕ್ಕೆ ತಂದ ಪ್ರಯತ್ನಗಳಲ್ಲಿ ನೂರಾ ಹೆಲ್ತ್ ಸಂಸ್ಥೆಯದು ಗಮನಾರ್ಹ. ಬೆಂಗಳೂರಿನ ನಾರಾಯಣ ಹೆಲ್ತ್ ಆಸ್ಪತ್ರೆಯಲ್ಲಿ ಹೃದಯ ಶಸ್ತ್ರಚಿಕಿತ್ಸೆಗೆ ಬಂದವರ ಮನೆಯವರಿಗೆ ನರ್ಸುಗಳ ಮೂಲಕವೇ ಆರೈಕೆ ಕಲಿಸುವುದರಿಂದ ತೊಡಗಿದ ಈ ಕಾರ್ಯಕ್ರಮ, ಮುಂದೆ ಕರ್ನಾಟಕ, ಪಂಜಾಬ್ ಮೊದಲಾದ ರಾಜ್ಯಗಳ ಸರ್ಕಾರಿ ಆಸ್ಪತ್ರೆಗಳಿಗೂ ಹಬ್ಬಿತು. ಅಮೆರಿಕದಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಮೇರಿ ನೇಲರ್ ಅವರ ತಂಡ, ದಾಖಲಾದಾಗ ನೋಡಿಕೊಂಡ ತಜ್ಞ ನರ್ಸ್ ಬಿಡುಗಡೆಯ ನಂತರ ಮನೆಗೂ ಹೋಗುವ ವ್ಯವಸ್ಥೆ ಮಾಡಿದರೆ ವೃದ್ಧರ ಮರುದಾಖಲಾತಿ ಕಡಿಮೆಯಾಗುವುದೆಂದು 1999ರಲ್ಲಿ ತೋರಿಸಿತ್ತು.

ಗುಣವಾಗದ ಕಾಯಿಲೆಯವರಿಗೆ ಸೂಕ್ತ ಸ್ತರವೆಂದರೆ ಉಪಶಾಮಕ ಆರೈಕೆ, ಅಂದರೆ ನೋವು, ಉಸಿರುಗಷ್ಟ, ಆತಂಕಗಳ ಶಮನವನ್ನೇ ಗುರಿಯಾಗಿಟ್ಟುಕೊಂಡ ಚಿಕಿತ್ಸೆ. ಕೋಯಿಕ್ಕೋಡಿನಲ್ಲಿ 1993ರಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಡಾ. ಸುರೇಶ್ ಕುಮಾರ್ ಅವರ ಮುಂದಾಳತನದಲ್ಲಿ ಹುಟ್ಟಿದ ಸಂಘ, ನೆರೆಹೊರೆಯ ಸ್ವಯಂಸೇವಕರನ್ನು ತರಬೇತಿಗೊಳಿಸಿ ಮನೆಬಾಗಿಲಿಗೆ ಹೋಗುವ ಮಾದರಿಯನ್ನು ಬೆಳೆಸಿತು. ಅದರ ಬಲದ ಮೇಲೆ ಕೇರಳ 2008ರಲ್ಲಿ ರಾಜ್ಯನೀತಿಯನ್ನು ಪ್ರಕಟಿಸಿತು. ಬೆಂಗಳೂರಿನ ಕರುಣಾಶ್ರಯ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಗೆ ಹಣ ಪಡೆಯದೆ ಆಸರೆ ಕೊಡುತ್ತಿದೆ. ಘನತೆಯಿಂದ ಸಾಯುವ ಹಕ್ಕಿನ ಕುರಿತ ಸುಪ್ರೀಂ ಕೋರ್ಟ್ ತೀರ್ಪನ್ನು ಜಾರಿಗೊಳಿಸುವ ಆದೇಶವನ್ನು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಹೊರಡಿಸಿತು. ‘ಇನ್ನೇನೂ ಮಾಡುವಂತಿಲ್ಲ, ಮನೆಗೆ ಕರೆದುಕೊಂಡು ಹೋಗಿ’ ಎಂದು ನೋವಿನ ಔಷಧವನ್ನೂ ಕೊಡದೆ ಕಳಿಸುವುದಕ್ಕೂ ಉಪಶಾಮಕ ಆರೈಕೆಗೆ ಒಪ್ಪಿಸುವುದಕ್ಕೂ ಅಜಗಜಾಂತರವಿದೆ.

ಕೆಳಗಿನ ಸ್ತರವನ್ನು ಕಟ್ಟದೆ ಮೇಲಿನದನ್ನು ತೆರವು ಮಾಡಿದರೆ ಏನಾಗುತ್ತದೆಂಬುದಕ್ಕೆ ಮನೋರೋಗ ಚಿಕಿತ್ಸೆಯ ಚರಿತ್ರೆಯಷ್ಟು ಕಠಿಣ ಸಾಕ್ಷ್ಯ ಬೇರೆಯಿಲ್ಲ. ಅಮೆರಿಕ 1963ರ ಕಾಯ್ದೆಯ ನಂತರ ದೊಡ್ಡ ಮಾನಸಿಕ ಆಸ್ಪತ್ರೆಗಳನ್ನು ಖಾಲಿ ಮಾಡುತ್ತ ಬಂತು. ಭರವಸೆ ಕೊಟ್ಟಷ್ಟು ಸಮುದಾಯ ಕೇಂದ್ರಗಳು ಬಾರದೆ ಅನೇಕರು ಬೀದಿಗೂ ಸೆರೆಮನೆಗೂ ಸೇರಿದರು. ಭಾರತದ 2017ರ ಮಾನಸಿಕ ಆರೋಗ್ಯ ಕಾಯ್ದೆ, ಮನೆಯಿಲ್ಲವೆಂಬ ಅಥವಾ ಮನೆಯವರು ಒಲ್ಲೆನೆಂದರೆಂಬ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳಬಾರದೆಂದು ಹೇಳಿ, ಅರ್ಧದಾರಿಯ ಮನೆಗಳನ್ನು ಒದಗಿಸುವ ಹೊಣೆಯನ್ನು ಸರ್ಕಾರಕ್ಕೆ ವಹಿಸಿದೆ. ಆಸ್ಪತ್ರೆಯಿಂದ ಹೊರಬಂದವರು ಅಡುಗೆ, ಸಂತೆ, ದುಡಿಮೆಗಳನ್ನು ಮತ್ತೆ ರೂಢಿಸಿಕೊಳ್ಳುವವರೆಗೆ ಇರುವ ಇಂಥ ಮನೆಗಳನ್ನು ಬೆಂಗಳೂರಿನಲ್ಲಿ ಮೆಡಿಕೋ ಪ್ಯಾಸ್ಟೋರಲ್ ಅಸೋಸಿಯೇಷನ್, ರಿಚ್ಮಂಡ್ ಫೆಲೋಶಿಪ್ ಮೊದಲಾದ ಸಂಸ್ಥೆಗಳು ಕಾಯ್ದೆ ಬರುವುದಕ್ಕೆ ಬಹಳ ಮುಂಚಿನಿಂದಲೂ ನಡೆಸುತ್ತಿವೆ.

ಹಣ ಪಾವತಿಯ ರೀತಿಯೂ ರೋಗಿ ಎಲ್ಲಿರುತ್ತಾರೆಂಬುದನ್ನು ನಿರ್ಧರಿಸುತ್ತದೆ. ಅಮೆರಿಕದ ಮೆಡಿಕೇರ್ 1983ರಲ್ಲಿ ದಿನಗಳ ಲೆಕ್ಕ ಬಿಟ್ಟು ಕಾಯಿಲೆಗೆ ಇಷ್ಟೆಂದು ಮೊದಲೇ ಗೊತ್ತುಮಾಡಿದ ಮೊತ್ತ ಕೊಡತೊಡಗಿದ ಮೇಲೆ ಆಸ್ಪತ್ರೆಯ ವಾಸ ಕಿರಿದಾಯಿತು, ಶುಶ್ರೂಷಾ ಗೃಹಗಳ ಬಳಕೆ ಹೆಚ್ಚಿತು. ಭಾರತದಲ್ಲಿ ವಿಮೆ ಬಹುಮಟ್ಟಿಗೆ ಆಸ್ಪತ್ರೆಯ ಹಾಸಿಗೆಗೆ ಅಂಟಿಕೊಂಡಿದೆ. ಆಯುಷ್ಮಾನ್ ಭಾರತ್ ಯೋಜನೆ ಬಿಡುಗಡೆಯ ನಂತರದ 15 ದಿನಗಳ ವೆಚ್ಚವನ್ನು ಒಳಗೊಂಡಿದ್ದರೂ, ಆನಂತರ ತಿಂಗಳುಗಟ್ಟಲೆ ಬೇಕಾಗುವ ಫಿಸಿಯೋಥೆರಪಿ, ಮನೆಗೆ ಬರುವ ನರ್ಸ್, ಗಾಳಿಹಾಸಿಗೆ, ಆಮ್ಲಜನಕದ ಕಾನ್ಸಂಟ್ರೇಟರ್ ಬಾಡಿಗೆ ಇವೆಲ್ಲ ಕುಟುಂಬದ ಜೇಬಿನಿಂದಲೇ ಹೋಗುತ್ತವೆ. ಮುಂದಿನ ಸ್ತರಕ್ಕೆ ಹಣ ಕೊಡುವವರಿಲ್ಲದಿರುವ ತನಕ ತಾಲ್ಲೂಕು ಮಟ್ಟದಲ್ಲಿ ಪುನಶ್ಚೇತನ ಕೇಂದ್ರಗಳು ತಾವಾಗಿ ಹುಟ್ಟುವುದಿಲ್ಲ, ಸರ್ಕಾರವೇ ಅವನ್ನು ಕಟ್ಟಬೇಕಾಗುತ್ತದೆ.